ದ್ವಾದಶಿಯ ಬೆಳಿಗ್ಗೆ ಒಂದು ಡಬ್ಬಿ

ಕಾಚಿಗೂಡದ ಆ ಮನೆಯ ಬಚ್ಚಲ ಕಿಟಕಿಯಲ್ಲಿ ಪುಟ್ಟದೊಂದು ಡಬ್ಬಿ ಮುಟ್ಟುವವರಿಲ್ಲದೆ ಕೂತಿತ್ತು. ಶಾಮಲಾಬಾಯಿಯವರು ಬಚ್ಚಲಿಗೆ ಹೋದಾಗಲೆಲ್ಲ ಅದು ಇನ್ನೂ ಖಾಲಿಯೇ ಎಂದು ನೋಡಿ ಬರುತ್ತಿದ್ದರು. ಐವತ್ತು ದಾಟಿದ ಗಂಡ ಗುರುರಾಜರಾಯರು ಮಲದ ಒಂದಿಷ್ಟು ಅಂಶ ಹಾಕಿ ಕೊಡಲಿ ಎಂದು ಗೆಳತಿ ಡಾಕ್ಟರ್ ನಲಿನಿ ಕೊಟ್ಟ ಡಬ್ಬಿ ಅದು. ಪಕ್ಕದ ಓಣಿಯ ನರಹರಿ ಮಾಸ್ತರರು ಗಟ್ಟಿಮುಟ್ಟಾಗಿಯೇ ಓಡಾಡಿಕೊಂಡಿದ್ದವರು. ಕರುಳಿನ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಕಾಲ ಮೀರಿತ್ತು. ಅಂದಿನಿಂದ ಈಕೆಗೆ ಒಂದೇ ಚಿಂತೆ.

"ನನಗೇನಾಗ್ಯದ?" ಎಂದು ರಾಯರು ಗದರಿದರು. "ಒಂದೂ ಏಕಾದಶಿ ಬಿಟ್ಟಿಲ್ಲ. ಪ್ರತಿ ಸಲ ಹೊಟ್ಟಿ ತೊಳದಂಗ ಆಗ್ತದ. ಮ್ಯಾಲ, ದೇವರ ಮನಿ ಇರೋ ಕಡೆ ಆ ಹೊಲಸು ಡಬ್ಯಾಗ ತುಂಬಿಡ್ಲೇನು?"

ಸಂಜೆ ನಲಿನಿ ಬಂದಾಗಲೂ ಅದೇ ವಾದ.

"ಉಪಾಸ ಮಾಡ್ರಿ ರಾಯರ, ಬ್ಯಾಡನ್ನಂಗಿಲ್ಲ. ಆದ್ರ ಕರುಳಿನ ಗಂಟು ಉಪಾಸಕ್ಕ ಕರಗಂಗಿಲ್ಲ. ಮೊದಮೊದಲು ನೋವಿಲ್ಲ, ಏನಿಲ್ಲ. ಕಣ್ಣಿಗೆ ಕಾಣದಷ್ಟು ರಕ್ತ ಹೋಗ್ತಿರಬಹುದು. ಅದನ್ನ ಈ ಟೆಸ್ಟು ಹಿಡೀತದ. ಆರಾಮ ಇದ್ದಾಗನ ಮಾಡಿಸ್ಬೇಕ್ರಿ."

"ರಕ್ತ ಸಿಕ್ರ ಕ್ಯಾನ್ಸರೇನು?"

"ಹಂಗೇನಿಲ್ರಿ. ಮೂಲವ್ಯಾಧಿಗೂ ಬರ್ತದ. ಆದ್ರ ಕರುಳಿನೊಳಗ ಕ್ಯಾಮೆರಾ ಹಾಕಿ ನೋಡ್ಲೇಬೇಕು."

ರಾಯರು ಎದ್ದು ದೇವರ ಮನೆಗೆ ನಡೆದರು.

ಮರುದಿನ ಇಬ್ಬರದೂ ಏಕಾದಶಿ. ದ್ವಾದಶಿಯ ಬೆಳಿಗ್ಗೆ ಪೂಜೆ ಮುಗಿಸಿ, ಉಪವಾಸ ಬಿಡಲು ರಾಯರು ಎಲೆಯ ಮುಂದೆ ಕೂತರು. ಬಡಿಸಿದ ಶಾಮಲಾಬಾಯಿ ತಾವು ಮಾತ್ರ ಗೋಡೆಗೊರಗಿ ನಿಂತರು.

"ಡಬ್ಬಿ ನಲಿನಿ ಕೈ ಸೇರೋತನಕ ನನ್ನ ಪಾರಣಿ ಇಲ್ಲ. ಹನಿ ನೀರೂ ಮುಟ್ಟಂಗಿಲ್ಲ. ನನಗ ಭಾಳ ಹೆದರಿಕಿ ಆಗೇದರಿ."

ಆಪೋಶನಕ್ಕೆ ನೀರು ಹಿಡಿದ ಕೈ ಹಾಗೇ ನಿಂತಿತು. ರಾಯರು ಗೊಣಗುತ್ತಲೇ ಎದ್ದರು. ಬಚ್ಚಲಿಗೆ ಹೋಗಿ ಡಬ್ಬಿ ತುಂಬಿಸಿ, ತಾವೇ ನಲಿನಿಗೆ ಒಯ್ದು ಕೊಟ್ಟು, ಮತ್ತೆ ಸ್ನಾನ ಮಾಡಿ ಬಂದರು. ಅಂದು ಇಬ್ಬರೂ ಕೂಡಿಯೇ ಉಂಡರು.

ಪರೀಕ್ಷೆಯಲ್ಲಿ ರಕ್ತ ಕಂಡಿತು. ಕ್ಯಾಮೆರಾ ಹಾಕಿದಾಗ ಸಣ್ಣ ಗಂಟು ಸಿಕ್ಕಿತು, ಆಗಲೇ ತೆಗೆದರು. ಅದರ ವರದಿ ಬರುವತನಕ ಶಾಮಲಾಬಾಯಿ ಫೋನಿನ ಪಕ್ಕ ಬಿಟ್ಟು ಕದಲಲಿಲ್ಲ. ಕೊನೆಗೆ ನಲಿನಿಯ ಫೋನು ಬಂತು.

"ಕ್ಯಾನ್ಸರ್ ಅಲ್ಲ, ಶಾಮಲಾ. ಹಂಗ ಬಿಟ್ಟಿದ್ರ ಮುಂದ ಆಗಬಹುದಿತ್ತು."

ಶಾಮಲಾಬಾಯಿ ಫೋನು ಹಿಡಿದೇ ಅತ್ತುಬಿಟ್ಟರು. ಆ ವಾರವೇ ರಾಯರು ಒಡಹುಟ್ಟಿದ ತಮ್ಮ ದತ್ತಾತ್ರೇಯನನ್ನು ನಲಿನಿಯ ಬಳಿ ಕರೆದೊಯ್ದರು. ಅವನು ಹಿಂದೆ ಮುಂದೆ ನೋಡಿದಾಗ ಹೇಳಿದ್ದು ಇಷ್ಟೇ: "ಹೆಂಡ್ತಿ ಉಪಾಸ ಬೀಳೋತನಕ ಕಾಯಬ್ಯಾಡೋ."

ಅಕ್ಕ-ಅಣ್ಣಂದಿರೇ, ನೀವೂ ಕಾಯಬೇಡಿ. ಐವತ್ತರ ಹತ್ತಿರ ಬಂದಿದ್ದರೆ, ಆರೋಗ್ಯವಾಗಿದ್ದರೂ, ಈ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ಮನೆಯಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ ಇನ್ನೂ ಮುಂಚೆಯೇ ಕೇಳಿ. ನಾಚಿಕೆಯನ್ನು ಬಚ್ಚಲಲ್ಲೇ ಬಿಟ್ಟು, ಡಬ್ಬಿ ತೆಗೆದುಕೊಂಡು ಹೊರಡಿ.