ಒಗೆಯದ ಅರಿವೆ

ಲೀಲಾಳನ್ನು ನಾನು ಕಂಬಕ್ಕೆ ಕಟ್ಟುತ್ತಿದ್ದೆ. ಹೇಳಲು ನಾಚಿಕೆಯಾದರೂ ನಿಜ. ಹಳೆಯ ಸೀರೆಯೊಂದನ್ನು ಉದ್ದಕ್ಕೆ ಸೀಳಿ ಒಂದು ತುದಿಯನ್ನು ಅವಳ ಸೊಂಟಕ್ಕೂ ಇನ್ನೊಂದನ್ನು ಅಡುಗೆಮನೆಯ ಕಂಬಕ್ಕೂ ಬಿಗಿಯುತ್ತಿದ್ದೆ. ಐದು ವರ್ಷದ ಮಗಳು. ಎರಡು ವರ್ಷದ ಹಿಂದೆ ಬಂದ ಜ್ವರ ಇಳಿಯುವಾಗ ಅವಳ ಕಿವಿಯನ್ನೂ ಕರೆದುಕೊಂಡು ಹೋಗಿತ್ತು. ಬೇರೆ ಮಕ್ಕಳು ಓಣಿಗೆ ಓಡಿದರೆ ಕೂಗಿ ಕರೆಯಬಹುದು. ಇವಳನ್ನು ಹೇಗೆ ಕರೆಯುವುದು? ಹೋದ ಬೇಸಿಗೆಯಲ್ಲಿ ಆಡಿನ ಹಿಂಡಿನ ಬೆನ್ನುಹತ್ತಿ ಹುನಗುಂದದ ನಮ್ಮ ಓಣಿ ದಾಟಿ, ಇಳಕಲ್ ರಸ್ತೆಯ ಕಲ್ಲಿನ ಖಣಿಯವರೆಗೂ ನಡೆದುಬಿಟ್ಟಿದ್ದಳು. ಖಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತವಳನ್ನು ಒಬ್ಬ ಗಾಡಿಯವನು ಎತ್ತಿಕೊಂಡು ಬಂದ. ಕಟ್ಟಲು ಶುರುಮಾಡಿದ್ದು ಆಮೇಲೆ.

ನಮ್ಮ ಮನೆಯವರು ಸಾಲೆಯ ಮಾಸ್ತರರು. ಆ ಸೀರೆಯ ಸೀಳನ್ನು ನೋಡಿದಾಗಲೆಲ್ಲ ಅವರು ಮುಖ ತಿರುಗಿಸುತ್ತಿದ್ದರು. ಕಮತಗಿಯ ಬೀರಲಿಂಗಪ್ಪನನ್ನು ಕರೆಸಿದವರೂ ಅವರೇ. ಬೀರಲಿಂಗಪ್ಪ ಕುರಿಹಟ್ಟಿಯ ನಾಯಿಗಳನ್ನು ಸಾಕಿ, ಮರಿ ಮಾಡಿಸಿ ಕೊಡುವವನು. ನಮ್ಮ ನಾಯಿ ಸುಬೇದಾರ ಅವನ ಮನೆಯ ಮರಿಯೇ. ಮೂತಿಯ ಎರಡೂ ಕಡೆ ಮೀಸೆಯಂಥ ಕಪ್ಪು ಗೆರೆ ಇದ್ದುದರಿಂದ ಆ ಹೆಸರು. ತಾನು ಕೊಟ್ಟ ಮರಿಗಳನ್ನು ಬೀರಲಿಂಗಪ್ಪ ತಿಂಗಳುಗಟ್ಟಲೆ ಮನೆಯಲ್ಲಿಟ್ಟುಕೊಂಡು, ಯಾರಿಗೆ ಏನು ಬೇಕೋ ಅದನ್ನು ಕಲಿಸಿಯೂ ಕೊಡುತ್ತಿದ್ದ.

“ಬೇಟಿ ನಾಯಿಗೆ ಕಣ್ಣು ಚುರುಕ ಇರತಾವ ಮಾಸ್ತರ್ರ, ನಮ್ಮ ಹಟ್ಟಿ ನಾಯಿಗೆ ಮೂಗು,” ಎಂದ. “ಹಿಂದ ಉಳದ ಕುರಿಮರಿ ಹುಡುಕೂ ನಾಯಿಗೆ ನಿಮ್ಮ ಮಗಳು ಸಿಗೂದಿಲ್ಲೇನು? ನಾಯೀನ ಒಂದ ತಿಂಗಳ ನಮ್ಮ ಮನ್ಯಾಗ ಬಿಡ್ರಿ. ಬಾಯಾರ, ಕೂಸು ಉಟ್ಟದ್ದೊಂದು ಅರಿವಿ ಕೊಟ್ಟ ಕಳಸ್ರಿ.”

ಲೀಲಾಳ ಹಸಿರು ಪರಕಾರ ತೆಗೆದೆ. ಅಂಟುವಾಳದ ನೊರೆಯಲ್ಲಿ ನೆನೆಸಿ, ತಿಕ್ಕಿ ಒಗೆದು, ಬಿಸಿಲಿಗೆ ಹಾಕಿ, ನಾಲ್ಕು ಮಡಿಕೆ ಮಾಡಿ ಕೊಟ್ಟೆ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಶ್ರಾವಣ ಅದು. ಸುಬೇದಾರ ಬೀರಲಿಂಗಪ್ಪನ ಹಿಂದೆ ಬಸ್ಸು ಹತ್ತಿ ಹೋದ.

ತಿಂಗಳ ನಂತರ ಬಂದಾಗ ಮೈ ತುಂಬಿಕೊಂಡಿದ್ದ. ಕಲಿತದ್ದನ್ನು ನೋಡೋಣವೆಂದು ಲೀಲಾಳನ್ನು ಕಾಳಿನ ಕೋಣೆಯಲ್ಲಿ ಕೂರಿಸಿ ಬಾಗಿಲು ಮುಚ್ಚಿದೆವು. ಬೀರಲಿಂಗಪ್ಪ ಹೇಳಿಕೊಟ್ಟಂತೆ ಪರಕಾರವನ್ನು ನಾಯಿಯ ಮೂಗಿಗೆ ಹಿಡಿದು, “ಮರಿ ಎಲ್ಲೆ? ಹುಡುಕು!” ಎಂದೆ. ಸುಬೇದಾರ ಬಾಣದಂತೆ ಹಿತ್ತಲಿಗೆ ಹಾರಿದ. ಹಗ್ಗದ ಮೇಲೆ ಒಣಹಾಕಿದ್ದ ನಮ್ಮ ಮನೆಯವರ ಧೋತರದ ಚುಂಗು ಹಿಡಿದು ಎಳೆದು, ಕೆಳಗೆ ಕೂತು ಬೊಗಳತೊಡಗಿದ.

ಪಕ್ಕದ ಮನೆಯ ನೇಕಾರರ ಬಿಬಿಜಾನ ಗೋಡೆಯ ಮೇಲಿಂದ ಇಣುಕಿ ನೋಡಿದಳು. “ಮಾಸ್ತರ್ರ ಕಳದಿದ್ರೇನ್ರಿ? ಸಿಕ್ಕಾರ ನೋಡ್ರಿ, ಹಗ್ಗದ ಮ್ಯಾಲ ಜೋತಾಡ್ಲಿಕತ್ತಾರ!”

ನಮ್ಮ ಮನೆಯವರೂ ನಕ್ಕರು. ನನಗೆ ನಗು ಬರಲಿಲ್ಲ. ಲೀಲಾಳನ್ನು ಕೋಣೆಯಿಂದ ಕರೆತಂದು ಮತ್ತೆ ಕಂಬಕ್ಕೆ ಕಟ್ಟಿ ರೊಟ್ಟಿ ಬಡಿಯಲು ಕೂತೆ.

ಮರುದಿನ ಮಗಳನ್ನೂ ನಾಯಿಯನ್ನೂ ಕರೆದುಕೊಂಡು ಕಮತಗಿಗೆ ಹೋದೆ. ಬಸ್ಸಿನ ಗದ್ದಲದಲ್ಲಿ ಲೀಲಾ ತಪ್ಪಿಸಿಕೊಂಡಾಳೆಂದು ಸೀರೆಯ ಸೀಳಿನ ತುದಿಯನ್ನು ನನ್ನ ಮಣಿಕಟ್ಟಿಗೆ ಸುತ್ತಿಕೊಂಡು ಮೇಲೆ ಸೆರಗು ಹೊದ್ದಿದ್ದೆ.

ಬೀರಲಿಂಗಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಪರಕಾರವನ್ನು ಮೂಗಿಗೆ ಹಿಡಿದು ಒಮ್ಮೆ ಮೂಸಿದವನು ಹಣೆ ಬಡಿದುಕೊಂಡ.

“ಅಂಟವಾಳ! ಒಗದ ಕೊಟ್ಟೀರೇನ್ರಿ ಬಾಯಾರ?”

“ಮತ್ತ? ಉಟ್ಟ ಅರಿವಿ ಹಾಂಗ ಮಂದಿ ಮನಿಗೆ ಹ್ಯಾಂಗ ಕಳಸಲಿ?”

“ಕುರಿಮರಿ ಹುಡುಕಬೇಕಂದ್ರ ಅದರ ವಾಸನಿ ತೊಳದು ಹುಡುಕ್ತಾರೇನ್ರಿ? ಒಂದ ತಿಂಗಳ ಪೂರಾ ಅದಕ್ಕ ಅಂಟವಾಳ ಹುಡುಕೂದು ಕಲಿಸೇನಿ! ನಂದೂ ತಪ್ಪೈತಿ ಬಿಡ್ರಿ, ಮೊದಲ ದಿವಸ ಮೂಸಿ ನೋಡಬೇಕಾಗಿತ್ತು. ನಾಯಿ ಮಾತ್ರ ಕಲಿಸಿದ್ದನ್ನ ಮಾಡೇತಿ.”

ಅವನ ಹೆಂಡತಿ ರಾಮವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಆಮೇಲೆ ಅವಳ ಕಣ್ಣು ನನ್ನ ಕೈಯ ಮೇಲೆ ಬಿತ್ತು. “ಅದೇನ್ರಿ ಕಟ್ಟಿಕೊಂಡೀರಿ?”

ಮುಚ್ಚಿಡಲು ಹೋದೆ, ಆಗಲಿಲ್ಲ. “ಇವಳನ್ನ ಕಂಬಕ್ಕ ಕಟ್ಟತೇನಿ ರಾಮವ್ವ,” ಎಂದೆ. ಕಣ್ಣು ಒರೆಸಿಕೊಂಡೆ.

“ಅದಕ್ಯಾಕ ಕಣ್ಣೀರು? ಹೊಲಕ್ಕ ಹೋದಾಗ ನಾನೂ ನನ್ನ ಮಕ್ಕಳನ್ನ ಬೇವಿನ ಗಿಡಕ್ಕ ಕಟ್ಟೇನಿ. ಹೆತ್ತವರೇ ಕಟ್ಟಬೇಕು. ಮಂದಿಗೇನು ಬಿದ್ದೈತಿ?” ಎನ್ನುತ್ತ ನನ್ನ ಮಣಿಕಟ್ಟಿನ ಸುತ್ತು ಬಿಚ್ಚಿದಳು. “ಇದನ್ನಾರ ಒಗದೀರೇನು?”

“ಇಲ್ಲ. ದಿನಾ ಬೇಕಾಗ್ತದ. ಒಗದು ಒಣಗಿಸಲಿಕ್ಕೆ ಪುರಸತ್ತ ಎಲ್ಲೆ ಅದ?”

ಬೀರಲಿಂಗಪ್ಪ ಅದನ್ನು ಮೂಸಿ ನೋಡಿ ಮುಗುಳ್ನಕ್ಕ. “ಇದ ನೋಡ್ರಿ ಬೇಕಾಗಿದ್ದು.” ನಡುವೆ ಹರಿದು ಅರ್ಧ ತಾನಿಟ್ಟುಕೊಂಡು ಅರ್ಧ ನನಗೆ ಕೊಟ್ಟ. ಸುಬೇದಾರ ಇನ್ನೂ ಹದಿನೈದು ದಿನ ಅಲ್ಲೇ ಉಳಿದ. ರಾಮವ್ವನ ಒಲೆಯ ಪಕ್ಕ ತನ್ನ ತಾಯಿಗೆ ಅಂಟಿಕೊಂಡು ಮಲಗಿದವನು ನಾವು ಹೊರಟಾಗ ತಲೆಯನ್ನೂ ಎತ್ತಲಿಲ್ಲ.

ಆ ಹದಿನೈದು ದಿನ ಕಷ್ಟವಾಯಿತು. ಗಿಡ್ಡವಾದ ಸೀಳು ಹೊಸ್ತಿಲವರೆಗೆ ಬರುತ್ತಿರಲಿಲ್ಲ. ಹೊಸ್ತಿಲ ಮೇಲೆ ಕೂತು ಓಣಿ ನೋಡುತ್ತಿದ್ದ ಲೀಲಾ ಈಗ ಕಂಬದ ಬುಡದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

ಸುಬೇದಾರ ತಿರುಗಿ ಬಂದ ಮೂರನೆಯ ದಿನ. ಆ ನೋಟ ತಾಳಲಾರದೆ ಅವಳನ್ನು ಬಿಚ್ಚಿದ್ದೆ. ಎರಡು ರೊಟ್ಟಿ ಬೇಯುವಷ್ಟರಲ್ಲಿ ತಿರುಗಿ ನೋಡಿದರೆ ಹೊಸ್ತಿಲು ಬರಿದು. ಓಣಿಯಲ್ಲೂ ಇಲ್ಲ. ಕಣ್ಣ ಮುಂದೆ ಖಣಿಯ ಅಂಚು ಬಂತು. ಹಿಟ್ಟಿನ ಕೈಯಲ್ಲೇ ಕಂಬದ ಸೀಳು ಬಿಚ್ಚಿ ನಾಯಿಯ ಮೂಗಿಗೆ ಹಿಡಿದೆ. “ಮರಿ ಎಲ್ಲೆ? ಹುಡುಕು ಸುಬೇದಾರ, ಹುಡುಕಪ್ಪಾ!”

ಅವನು ನೇರವಾಗಿ ಹಿತ್ತಲಿಗೆ ಹೋದ. ಹಗ್ಗದ ಕೆಳಗೆ ನಿಂತ. ಒಗೆದ ಬಟ್ಟೆಗಳತ್ತ ಮೂತಿ ಎತ್ತಿ, ಒಂದು ಸೀನು ಸೀನಿ, ಕೆಳಗಿಳಿಸಿದ. ಮೂಗನ್ನು ನೆಲಕ್ಕೆ ಹಚ್ಚಿ ಗೋಡೆಯ ಗುಂಟ ಹೋಗಿ, ಹಿಂದಿನ ಬಾಗಿಲಿನಿಂದ ಬಿಬಿಜಾನಳ ಮನೆಗೆ ನುಗ್ಗಿದ. ನಾನೂ ಹಿಂದೆಯೇ ಓಡಿದೆ.

ಬಿಬಿಜಾನಳ ಗಂಡ ಅಮೀನಸಾಬ ಮಗ್ಗದಲ್ಲಿ ಕೂತು ನೇಯುತ್ತಿದ್ದ. ಒಂದೇ ಸಮನೆ ಲಟಕ್, ಲಟಕ್ ಸದ್ದು. ಸುಬೇದಾರ ಅವನನ್ನು ದಾಟಿ ಮಗ್ಗದ ಹಿಂದೆ, ಬಿಗಿದ ನೂಲಿನ ಹಾಸಿನ ಕೆಳಗೆ ತೂರಿಕೊಂಡು ಬೊಗಳಿದ. ಬಗ್ಗಿ ನೋಡಿದೆ. ಲೀಲಾ ಮಗ್ಗದ ಮರಕ್ಕೆ ಎರಡೂ ಅಂಗೈ ಒತ್ತಿ ಕೂತಿದ್ದಳು. ಪ್ರತಿ ಬಡಿತಕ್ಕೂ ಅವಳ ಮುಖ ಅರಳುತ್ತಿತ್ತು. ಕಿವಿಗೆ ಸಿಗದ ಸದ್ದು ಕೈಗೆ ಸಿಕ್ಕಿತ್ತು. ಸುಬೇದಾರ ಅವಳ ಪರಕಾರದ ಅಂಚನ್ನು ಮೆಲ್ಲಗೆ ಬಾಯಲ್ಲಿ ಹಿಡಿದು ಎಳೆದ. ಅವಳು ತಿರುಗಿ ನನ್ನನ್ನು ಕಂಡು ನಕ್ಕಳು.

ನಾನು ಅಲ್ಲೇ ನೆಲದ ಮೇಲೆ ಕೂತು ಅವಳನ್ನು ಹಿಟ್ಟಿನ ಕೈಯಲ್ಲೇ ಹತ್ತಿರಕ್ಕೆ ಎಳೆದುಕೊಂಡೆ. ಅಮೀನಸಾಬ ಕಂಗಾಲಾಗಿ ಮಗ್ಗ ನಿಲ್ಲಿಸಿದ. “ಅಲ್ಲಾ! ಯಾವಾಗ ಬಂದೈತಿ ಈ ಕೂಸು? ನನಗ ಕಾಣಸ್ಲೇ ಇಲ್ಲ!”

“ನಾಯಿಗೆ ಕಾಣಸ್ತು, ನಿನಗ ಕಾಣಸ್ಲಿಲ್ಲ,” ಎಂದಳು ಒಳಗಿನಿಂದ ಬಂದ ಬಿಬಿಜಾನ. ನನಗೆ ನೀರು ಕೊಟ್ಟಳು. “ಈ ಸಲ ಧೋತರ ಬಿಟ್ಟು ಕೂಸನ್ನ ಹಿಡದಾನ ನೋಡ್ರಿ. ಸುಬೇದಾರಗ ಬಡ್ತಿ ಕೊಡ್ರಿ!”

ಆಗ ನನಗೆ ನಗು ಬಂತು. ಮನೆಗೆ ಬಂದಾಗ ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು. ಅದನ್ನು ಸುಬೇದಾರನಿಗೆ ಹಾಕದೆ, ಬೇರೆ ಬಿಸಿ ರೊಟ್ಟಿ ಬಡಿದು ಮಜ್ಜಿಗೆಯಲ್ಲಿ ಕಲಸಿ ಇಟ್ಟೆ.

ನಮ್ಮ ಮನೆಯಲ್ಲಿ ಒಗೆಯದ ಅರಿವೆಯೆಂದರೆ ಈಗ ಆ ಸೀಳೊಂದೇ. ಅದರ ವಾಸನೆ ಹೋಗಬಾರದೆಂದು ಎಂಟು ದಿನಕ್ಕೊಮ್ಮೆ ಲೀಲಾಳ ಸೊಂಟಕ್ಕೆ ಸುತ್ತುತ್ತೇನೆ. ಇನ್ನೊಂದು ತುದಿಯನ್ನು ಎಲ್ಲಿಗೂ ಕಟ್ಟುವುದಿಲ್ಲ. ಅದನ್ನು ಬಾಲದ ಹಾಗೆ ಎಳೆದುಕೊಂಡು ಅವಳು ಓಣಿಗೆ ಓಡುತ್ತಾಳೆ, ಹಿಂದೆ ಸುಬೇದಾರ. ನಾನು ರೊಟ್ಟಿ ಬಡಿಯುತ್ತೇನೆ.