ಕಡ್ಡಿ ಚುಚ್ಚಿದ ಅನ್ನ

"ಕಡ್ಡಿ ತೆಗೀರಿ! ಮೊದಲು ಅದನ್ನ ತೆಗೀರಿ!"

ಅಹಲ್ಯಾ ಕೂಗಿದ ಸದ್ದಿಗೆ ಪರ್ತ್‌ನ ಆ ಚಿತಾಗಾರದ ಹಾಲ್‌ನಲ್ಲಿ ಕೂತಿದ್ದವರೆಲ್ಲ ಬೆಚ್ಚಿದರು. ಪೆಟ್ಟಿಗೆಯಲ್ಲಿ ಅವಳ ಗಂಡ ಉದಯಶಂಕರ್ ಮಲಗಿದ್ದ. ಅವನು ಹನ್ನೊಂದು ವರ್ಷ ಅಡುಗೆ ಮಾಡಿದ ಕ್ಯಾನಿಂಗ್ಟನ್ನಿನ ಜಪಾನಿ ಹೋಟೆಲಿನ ಯಜಮಾನಿ ಮಿಚಿಕೊ ಅವನ ತಲೆಯ ಪಕ್ಕ ಒಂದು ಬಟ್ಟಲು ಅನ್ನ ಇಟ್ಟಿದ್ದಳು. ಅನ್ನದ ನಡುವೆ ಊಟದ ಕಡ್ಡಿ ಎರಡೂ ನೆಟ್ಟಗೆ ನಿಂತಿದ್ದವು.

"ಸಮಾಧಾನ ಅತ್ತಿಗೆ" ಎಂದ ಅಡಿಲೇಡ್‌ನಿಂದ ಓಡಿ ಬಂದಿದ್ದ ಮೈದುನ ನಟರಾಜ್. "ಅವರ ಪದ್ಧತಿ ಅದು. ನಾವು ಬಾಯಿಗೆ ಅಕ್ಕಿ ಹಾಕ್ತೀವಲ್ಲ, ಹಾಗೆ. ಟೈಮ್ ಬೇರೆ ಆಗ್ತಿದೆ, ಮುಂದಿನವರು ಹೊರಗೆ ಕಾಯ್ತಿದಾರೆ."

"ಪದ್ಧತಿ ನಂಗೂ ಗೊತ್ತು ಕಣೋ" ಎಂದಳು ಅಹಲ್ಯಾ.

*

ಮೈಸೂರಿನಲ್ಲಿ ಬಿ.ಇ. ಓದಿ ಬಂದ ಉದಯಶಂಕರ್‌ಗೆ ಇಲ್ಲಿ ಎಂಜಿನಿಯರ್ ಕೆಲಸ ಸಿಗಲಿಲ್ಲ. ಸದ್ಯಕ್ಕೆ ಅಂತ ಪಾತ್ರೆ ತೊಳೆಯಲು ಹೋದವನು ಅಲ್ಲೇ ನೆಲೆಯೂರಿದ. ಮೀನು ಮುಟ್ಟದವನಿಗೆ ಮಿಚಿಕೊ ತರಕಾರಿ ಅಡುಗೆ ಒಪ್ಪಿಸಿದಳು. ವಿಲೆಟನ್ನಿನ ತಮ್ಮ ಮನೆಯಲ್ಲೂ ಅದೇ ಜಪಾನಿ ಶಿಸ್ತು: ಅನ್ನ ಎಡಕ್ಕೆ, ಸಾರು ಬಲಕ್ಕೆ, ಊಟದಲ್ಲಿ ಐದು ಬಣ್ಣ, ಹೊಟ್ಟೆಯಲ್ಲಿ ಸ್ವಲ್ಪ ಜಾಗ ಇರುವಾಗಲೇ ಏಳಬೇಕು. "ಎಲೆ ತುದಿಗೆ ಉಪ್ಪು ಬಡಿಸೋ ವಂಶ ನಮ್ದು, ನಮಗೇ ಪಾಠ!" ಎಂದು ಅಹಲ್ಯಾ ರೇಗಿಸುತ್ತಿದ್ದಳು. ಮೊಸರನ್ನವನ್ನೂ ಕಡ್ಡಿಯಲ್ಲೇ ತಿನ್ನುವ ಭೂಪ ಅವನು!

ಕಳೆದ ಭಾನುವಾರ ಬಟ್ಟಲಿಗೆ ಮೊಸರನ್ನ ಹಾಕುವಾಗ ಫೋನ್ ಬಂತು. ಅವಳು ಕೈಯಲ್ಲಿದ್ದ ಕಡ್ಡಿಗಳನ್ನು ಅನ್ನಕ್ಕೇ ಚುಚ್ಚಿ ಹೋದಳು. ತಿರುಗಿ ಬಂದರೆ ಅವನು ಅನ್ನವನ್ನು ಕಸದ ಬುಟ್ಟಿಗೆ ಸುರಿಯುತ್ತಿದ್ದ.

"ಅನ್ನ ಚೆಲ್ತೀರಾ? ಏನ್ ಬಂತು ನಿಮಗೆ?"

"ಹಾಗೆ ಚುಚ್ಚಬಾರ್ದು ಅಹಲ್ಯಾ. ಸತ್ತೋರಿಗೆ ಮಾತ್ರ ಹಾಗಿಡೋದು."

ಅವಳಿಗೆ ಮೈಯೆಲ್ಲ ಉರಿಯಿತು. "ಸರಿ ಬಿಡಿ, ಸತ್ಮೇಲೇ ಇಡ್ತೀನಿ."

ಅವನು ಉಣ್ಣದೆ ಎದ್ದ. ಸೋಮವಾರ ಅವನು ಕೆಲಸದಿಂದ ಬರುವ ಹೊತ್ತಿಗೆ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿಬಿಟ್ಟಿದ್ದಳು. ಮಂಗಳವಾರ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಕುಸಿದ. ಹಾರ್ಟ್ ಅಟ್ಯಾಕ್ ಎಂದರು ಡಾಕ್ಟರು. ಅಂದಿನಿಂದ ಅಡುಗೆಮನೆಗೆ ಕಾಲಿಟ್ಟಾಗಲೆಲ್ಲ ಅಹಲ್ಯಾಳಿಗೆ ಕಸದ ಬುಟ್ಟಿಯ ಮುಚ್ಚಳ ಬಿದ್ದ ಸದ್ದು ಕೇಳಿಸುತ್ತಿತ್ತು. ನೋಡಿದರೆ ಅಲ್ಲಿ ಯಾರೂ ಇರುತ್ತಿರಲಿಲ್ಲ.

*

ಮೂರು ದಿನ ನುಂಗಿಕೊಂಡಿದ್ದನ್ನು ಈಗ ಎಲ್ಲರೆದುರಿಗೇ ಹೇಳಿಬಿಟ್ಟಳು. "ನಾನೇ ಕಳಿಸಿಬಿಟ್ಟೆ ಅವರನ್ನ. ಬಾಯಲ್ಲೂ ಅಂದೆ, ಕೈಯಲ್ಲೂ ಮಾಡ್ದೆ."

"ಅಮ್ಮಾ, ಸ್ಟಾಪ್ ಇಟ್. ಇಟ್ ವಾಸ್ ಹಿಸ್ ಹಾರ್ಟ್" ಎಂದಳು ಮಗಳು ತನ್ವಿ, ಅಳುತ್ತಾ. ಮಿಚಿಕೊ ಏನಾಯಿತೆಂದು ಕೇಳಿದಾಗ ತನ್ವಿಯೇ ಇಂಗ್ಲಿಷಿನಲ್ಲಿ ವಿವರಿಸಿದಳು.

ಅದೆಲ್ಲ ಮೂಢನಂಬಿಕೆ ಬಿಡಿ ಎಂದು ಮಿಚಿಕೊ ಅನ್ನಲಿಲ್ಲ. ಅಯ್ಯೋ, ಅಂದಿದ್ದರೆ ಅಹಲ್ಯಾಳ ಜೀವಕ್ಕೆ ಎಷ್ಟು ಹಗುರವಾಗುತ್ತಿತ್ತು! ಮುದುಕಿ ಅಹಲ್ಯಾಳ ಪಕ್ಕಕ್ಕೆ ಬಂದು ನಿಂತಳು. ಆಮೇಲೆ ತನಗೆ ಬರುವ ಇಂಗ್ಲಿಷಿನಲ್ಲಿ ಕೇಳಿದಳು:

"ಆಮೇಲೆ ಊಟ ಮಾಡಿದನಾ?"

"ಇಲ್ಲ. ನನ್ನ ಕೈಯಿಂದ ಏನೂ ತಿನ್ನಲಿಲ್ಲ."

"ನಮ್ಮಲ್ಲೂ ತಿನ್ನಲಿಲ್ಲ. ಸೋಮವಾರ ಊಟ ಮುಂದಿಟ್ಟೆ. ಹೆಂಡತಿ ಕೊಟ್ಟ ಅನ್ನ ಎಸೆದುಬಿಟ್ಟೆ, ಮನೆಗೆ ಹೋಗಿ ಅವಳ ಕೈಯಿಂದಲೇ ತಿನ್ನಬೇಕು ಅಂದ."

ಅಹಲ್ಯಾ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. ಕಡ್ಡಿಗಳನ್ನು ಕಿತ್ತು ತನ್ವಿಯ ಕೈಗೆ ಕೊಟ್ಟು, ಬಟ್ಟಲಿಗೆ ಕೈ ಹಾಕಿದಳು.

"ಅತ್ತಿಗೆ, ಬೆಂದ ಅನ್ನ ಹಾಕ್ಬಾರ್ದು, ಅಕ್ಕಿ ತಂದಿದೀನಿ..."

"ಸುಮ್ನಿರೋ."

ತುತ್ತು ಮಾಡಿ ಗಂಡನ ತುಟಿಯ ಹತ್ತಿರ ಹಿಡಿದಳು.

"ತಪ್ಪಾಯ್ತು ರೀ. ಬಾಗಿಲು ತೆಗೆದಿದೀನಿ, ಊಟ ಮಾಡಿ. ಎಲ್ಲಿ, ಬಾಯಿ ತೆಗೀರಿ."

ಪೆಟ್ಟಿಗೆಯ ಮುಚ್ಚಳ ಹಿಡಿದು ನಿಂತಿದ್ದ ಚಿತಾಗಾರದ ಇಬ್ಬರು ಆಳುಗಳು ಗಡಿಯಾರ ನೋಡಿದರು. ಅವಳು ಕೈ ಹಿಂದೆ ತೆಗೆಯದೆ, ಅವನ ಬಾಯನ್ನೇ ನೋಡುತ್ತಾ ಕಾಯುತ್ತಿದ್ದಳು.