ವಾಡೆಯ ದುರಸ್ತಿ

“ಏಳ ಹಲ್ಕಟ್, ಅದು ಓದಾವರು ಕುಂಡ್ರೂ ಕುರ್ಚಿ.”

ಅನಿಲಕುಮಾರ ಗೌಡ ಬಾಗಿಲಲ್ಲೇ ನಿಂತು ಹೇಳಿದ್ದು ಯಲ್ಲವ್ವನಿಗೆ. ಅವಳು ಮಗಳು ಪ್ರಜ್ಞಾಳ ಪಕ್ಕದಲ್ಲಿ ಕುಳಿತಿದ್ದಳು. ಮಗಳು ಊರ ಲೆಕ್ಕ ಬರೆಯುವ ತಲಾಟಿ ನೌಕರಿಯ ಪರೀಕ್ಷೆಗೆ ದಪ್ಪ ಪುಸ್ತಕದಿಂದ ಬರೆದುಕೊಳ್ಳುತ್ತಿದ್ದಳು. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಆ ಪುಸ್ತಕ ಊರಲ್ಲಿ ಇದ್ದದ್ದು ಇಲ್ಲಿ ಮಾತ್ರ.

ಇದು ಮುದ್ದೇಬಿಹಾಳದ ಕಡೆಯ ಒಂದು ಪೇಟೆಯ ನಡುವೆ ನಿಂತ ಗೌಡರ ವಾಡೆ. ಅನಿಲಕುಮಾರನ ಅಜ್ಜನ ಕಾಲದಲ್ಲಿ ಯಲ್ಲವ್ವನ ಹೊಲಗೇರಿಯ ಜನ ಮೆಟ್ಟಿಲ ಕೆಳಗೆ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಹಾಳುಬಿದ್ದ ವಾಡೆಯನ್ನು ಸುತ್ತಲಿನ ಹಳ್ಳಿಗಳಿಗೆ ಗ್ರಂಥಾಲಯ ಮಾಡಲು ಸರ್ಕಾರ ದುಡ್ಡು ಕೊಟ್ಟಿತು. ಸಮಿತಿಗೆ ಅನಿಲಕುಮಾರನೇ ಅಧ್ಯಕ್ಷನಾದ. ಹಳೆಯ ಗೋಡೆಗೆ ಸಿಮೆಂಟು ಹಿಡಿಯುವುದಿಲ್ಲವೆಂದು ಸುಣ್ಣದ ಗಚ್ಚು ಅರೆಸಿದರು. ಎಂಟು ತಿಂಗಳು ಅದನ್ನು ಅರೆದು, ಹೊತ್ತು, ಬಳಿದವರು ಯಲ್ಲವ್ವ, ಸಗೀರಾ ಮತ್ತು ಇನ್ನೂ ಆರು ಹೆಂಗಸರು. ಯಲ್ಲವ್ವನ ಬೆರಳ ಸಂದಿಗಳನ್ನು ಸುಣ್ಣ ತಿಂದುಹಾಕಿತ್ತು. ಪಲ್ಯ ಮುಟ್ಟಿದರೆ ಖಾರ ಹತ್ತಿ ಉರಿಯುತ್ತಿತ್ತು. ಉದ್ಘಾಟನೆಯ ದಿನ ಅವರನ್ನೆಲ್ಲ ಬೆಳಿಗ್ಗೆಯೇ ಹಿಂಬಾಗಿಲಿನಿಂದ ಕಳಿಸಿದ್ದರು.

ಗ್ರಂಥಾಲಯ ನೋಡಿಕೊಳ್ಳುವ ಶಂಕ್ರೆಪ್ಪ ಓಡಿಬಂದು, ಹುಡುಗಿಗೆ ಸದಸ್ಯತ್ವ ಕೊಟ್ಟಾಗಿದೆ ಎಂದು ತೊದಲಿದ. ಗೌಡ ಅವನತ್ತ ನೋಡಲಿಲ್ಲ. ಪಕ್ಕದ ಕೋಣೆಯಲ್ಲಿ ತಮ್ಮ ಮನೆದೇವರಿದೆ, ಪೂಜಾರಿ ಒಳಗೆ ಕಾಲಿಡಲು ಒಲ್ಲೆ ಎನ್ನುತ್ತಿದ್ದಾನೆ, ಇವರಿಗೆ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಚಾಪೆ ಹಾಸು, ಪುಸ್ತಕ ಅಲ್ಲಿಗೇ ಒಯ್ದು ಕೊಡು ಎಂದ.

ಪ್ರಜ್ಞಾ ಪೆನ್ನು ಮುಚ್ಚಿ ಏಳಹೋದಳು. ಯಲ್ಲವ್ವ ಅವಳ ಮೊಣಕೈ ಹಿಡಿದು ಕೂರಿಸಿದಳು.

“ಗೌಡ್ರ, ಆ ದೇವರ ಖೋಲಿಗೂ ಗಚ್ಚ ಬಳದಾಕಿ ನಾನ. ಆವಾಗ ನಿಮ್ಮ ದೇವರು ಎಲ್ಲಿ ಹೋಗಿತ್ರಿ?”

“ಆವಾಗ ಕೆಲಸಕ್ಕ ಬಂದಿದ್ದಿ. ಕೆಲಸ ಮುಗೀತು. ಇನ್ನ ಬಾಯಿ ತಗದ್ರ ಹಲ್ಲ ಉದರಸ್ತೇನಿ, ರಂಡಿ.”

ಓದುತ್ತಿದ್ದವರು ಒಬ್ಬೊಬ್ಬರೇ ಪುಸ್ತಕ ಮಡಚಿ ಎದ್ದು ಹೋದರು. ಪ್ರಜ್ಞಾಳಿಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮಾಸ್ತರರೂ ಹೋದರು. ತಾಯಿ ಮಗಳು ಮುಚ್ಚುವ ಹೊತ್ತಿನವರೆಗೂ ಏಳಲಿಲ್ಲ.

ಮರುದಿನ ವಾಡೆಗೆ ಬೀಗ ಬಿದ್ದಿತ್ತು. ಕದಕ್ಕೆ ಅಂಟಿಸಿದ ಕಾಗದವನ್ನು ಪ್ರಜ್ಞಾ ತಾಯಿಗೆ ಓದಿ ಹೇಳಿದಳು: ದುರಸ್ತಿಗಾಗಿ ಮುಚ್ಚಲಾಗಿದೆ. ಯಾವಾಗ ತೆರೆಯುತ್ತದೋ ತನಗೂ ತಿಳಿಯದು ಎಂದು ಶಂಕ್ರೆಪ್ಪ ನೆಲ ನೋಡಿದ. ನಾಲ್ಕು ದಿನ ಹುಡುಗಿ ಹೋಗಿ ಹೋಗಿ ಬಂದಳು. ಐದನೆಯ ದಿನ ಮನೆಯಲ್ಲೇ ಕುಳಿತು, ಬರೆದುಕೊಂಡಿದ್ದ ಹದಿನಾಲ್ಕು ಪುಟಗಳನ್ನೇ ಮತ್ತೆ ಮತ್ತೆ ಓದತೊಡಗಿದಳು. ಅದನ್ನು ನೋಡಲಾರದೆ ಯಲ್ಲವ್ವ ಸಗೀರಾಳ ಮನೆಗೆ ನಡೆದಳು.

ಆರನೆಯ ದಿನ ಬೆಳಿಗ್ಗೆ ಎಂಟೂ ಹೆಂಗಸರು ಬುಟ್ಟಿ, ಸಲಿಕೆ, ಹಾರೆ ಹೊತ್ತು ವಾಡೆಯ ಮುಂಬಾಗಿಲಿಗೆ ಬಂದರು. ಸುದ್ದಿ ಮುಟ್ಟಿ ಗೌಡ ಮೋಟರ್‌ಸೈಕಲ್ ಮೇಲೆ ಬಂದ. ಅಂಗಡಿಗಳವರು ಹೊರಗೆ ಬಂದು ನಿಂತರು. ಯಾರು ಕರೆದರು ನಿಮ್ಮನ್ನು ಎಂದು ಅವನು ಕೂಗಾಡಿದ.

“ದುರಸ್ತಿ ಐತಂತಲ್ರಿ,” ಎಂದಳು ಸಗೀರಾ. “ಈ ಗ್ವಾಡಿ ದುರಸ್ತಿ ನಮ್ಮನ್ನ ಬಿಟ್ಟು ಯಾರಿಗೆ ಗೊತ್ತೈತ್ರಿ?”

ಕೂಲಿ ಸಿಗುವುದಿಲ್ಲ ಎಂದ. ಬೇಡ ಎಂದರು. ಗೌಡ ಪೊಲೀಸರಿಗೆ ಫೋನ್ ಹಚ್ಚಿದ.

ಯಲ್ಲವ್ವ ಮೆಟ್ಟಿಲು ಹತ್ತಿ, ಚೌಕಟ್ಟಿನ ಪಕ್ಕದ ಗೋಡೆಯನ್ನು ಅಂಗೈಯಿಂದ ಸವರಿದಳು. ಕೊನೆಯ ವಾರ ಅವಸರ ಮಾಡಿ ಬಳಿಸಿದ ಗಚ್ಚು. ಒಳಗೆ ಇನ್ನೂ ಹಸಿಯಿದೆ ಎಂದು ಬಳಿದವಳಿಗೆ ಗೊತ್ತಿತ್ತು.

“ಮೊದಲ ಕೆಡವಬೇಕಾಗತೈತ್ರಿ, ಗೌಡ್ರ,” ಎಂದಳು.

ಹಾರೆಯ ಮೊದಲ ಪೆಟ್ಟಿಗೇ ಒಂದು ಬುಟ್ಟಿಯಷ್ಟು ಗಚ್ಚು ಕಳಚಿ ಮೆಟ್ಟಿಲ ಮೇಲೆ ಬಿತ್ತು. ಧೂಳು ಕಣ್ಣು ತುಂಬಿತು. ನಾಲತವಾಡದ ರಸ್ತೆಯ ಕಡೆಯಿಂದ ಜೀಪಿನ ಸದ್ದು ಕೇಳಿಸಿತು. ಯಲ್ಲವ್ವ ಕಣ್ಣು ಒರೆಸಿಕೊಳ್ಳದೆ ಹಾರೆಯನ್ನು ಮತ್ತೆ ಎತ್ತಿದಳು.